ಸಕ್ಕರೆ ಎಂದು ಗೆದ್ದ ಹನ್ನೊಂದು ಚಿತ್ರಗಳು

ಕಳೆದ ತಿಂಗಳ ಒಂದು ಶನಿವಾರ ಬೆಳಿಗ್ಗೆ ನಾಗಸಂದ್ರ ಮೆಟ್ರೊ ನಿಲ್ದಾಣದ ಮೆಟ್ಟಿಲಿಳಿದು ಮನೆಯ ಕಡೆ ಹೊರಟಿದ್ದೆ. ನಮ್ಮ ಬೀದಿಯ ತಿರುವಿನಲ್ಲಿ ಹಳೆಯ ಗೋಡೌನ್ ಒಡೆದು ಹೊಸ ಕಟ್ಟಡ ಎಬ್ಬಿಸುತ್ತಿದ್ದಾರೆ. ಲಾರಿಯೊಂದು ಆಗತಾನೆ ಕಲ್ಲುಪುಡಿ ಸುರಿದು ಹೋಗಿತ್ತು. ಧೂಳು ಏಳದಿರಲೆಂದು ಕೆಲಸದ ಹೆಂಗಸೊಬ್ಬಳು ಒಂದು ಬಕೆಟ್ ನೀರನ್ನು ಒಂದೇ ಏಟಿಗೆ ಎರಚಿದಳು. ನೀರು ಬಿದ್ದ ಜಾಗ ಕಪ್ಪಾಗಿ ಸುಮ್ಮನಾಯಿತು. ಆದರೆ ಅದರ ಅಂಚಿನಿಂದ ಧೂಳು ಎದ್ದು, ಉಂಗುರದ ಹಾಗೆ ದುಂಡಗೆ, ಸುತ್ತಲೂ ಹೊರಕ್ಕೆ ಓಡಿತು. ನಡುವೆ ಖಾಲಿ, ಅಂಚಿನಲ್ಲಿ ಗೋಡೆ.

ಆಮೇಲೆ ವಾಸನೆ ಬಂತು. ಮೊದಲ ಮಳೆಯ ಮಣ್ಣಿನ ವಾಸನೆಯನ್ನು ಎಲ್ಲರೂ ಹೊಗಳುತ್ತಾರೆ. ಒದ್ದೆ ಕಲ್ಲುಪುಡಿಯ ವಾಸನೆಯನ್ನು ಯಾರೂ ಹೊಗಳಿದ್ದು ನಾನು ಕೇಳಿಲ್ಲ. ಬೆಂಕಿಕಡ್ಡಿ ಗೀರಿದ ಮರುಕ್ಷಣದ ವಾಸನೆಗೆ ಹತ್ತಿರದ್ದು ಅದು. ನಾನು ದಾರಿಯ ನಡುವೆ ನಿಂತುಬಿಟ್ಟಿದ್ದೆ. "ಅಕ್ಕಾ, ಸ್ವಲ್ಪ ಸೈಡಿಗ್ ಬನ್ನಿ" ಎಂದು ಹಿಂದಿನಿಂದ ಯಾರೋ ಹೇಳಿದರು. ಸೈಡಿಗೆ ಬಂದೆ. ನೋಡುತ್ತಲೇ ಇದ್ದೆ. ಆ ಉಂಗುರವನ್ನು ನಾನು ಮೊದಲು ನೋಡಿದ್ದು ನೆಲದ ಮೇಲಲ್ಲ, ಸಮುದ್ರದ ಮೇಲೆ. ನೋಡಿಲ್ಲ ಎಂದು ಹೇಳಿದವಳೂ ನಾನೇ.

ಎರಡು ವರ್ಷದ ಹಿಂದಿನ ಮಳೆಗಾಲದಲ್ಲಿ ನಾನು ದಿನವೂ ನಾಗಸಂದ್ರದಿಂದ ಕುಂದಲಹಳ್ಳಿಗೆ ಹೋಗಿ ಮೋಡಗಳಿಗೆ ಹೆಸರಿಡುತ್ತಿದ್ದೆ. ಹಾಸ್ಯವಲ್ಲ, ಅದೇ ಉದ್ಯೋಗ. ಹಸಿರು ಮಾರ್ಗದಲ್ಲಿ ಮೆಜೆಸ್ಟಿಕ್, ಅಲ್ಲಿ ಜನರ ನಡುವೆ ನುಗ್ಗಿ ನೇರಳೆ ಮಾರ್ಗ, ಕೊನೆಗೆ ಕುಂದಲಹಳ್ಳಿಯಲ್ಲಿ ಒಂದು ಬೇಕರಿಯ ಮೇಲಿನ ಎರಡನೇ ಮಹಡಿ. ಚಿತ್ರಗಳಿಗೆ ಗುರುತು ಹಾಕಿಕೊಡುವ ಸಣ್ಣ ಕಂಪನಿ. ನಾವು ಸೇರುವ ಮುಂಚೆ ಅಲ್ಲಿ ರಸ್ತೆಗುಂಡಿಗಳಿಗೂ ಟೊಮೆಟೊ ಎಲೆಯ ರೋಗಗಳಿಗೂ ಗುರುತು ಹಾಕುತ್ತಿದ್ದರಂತೆ. ನಮ್ಮ ಪಾಲಿಗೆ ಬಂದದ್ದು ಉಪಗ್ರಹದಿಂದ ತೆಗೆದ ಸಮುದ್ರದ ಚಿತ್ರಗಳು.

ಮೊದಲ ದಿನ ತರಬೇತಿಗೆಂದು ಪರದೆಯ ಮೇಲೆ ಒಬ್ಬ ಸಂಶೋಧಕರು ಬಂದರು. ನಿದ್ದೆಗೆಟ್ಟ ಮುಖ, ನಿಧಾನದ ಮಾತು. ಇವು ಸುದ್ದಿಯಾಗುವ ಮೋಡಗಳಲ್ಲ ಎಂದರು. ಬೆಚ್ಚಗಿನ ಸಮುದ್ರಗಳ ಮೇಲೆ, ನೀರಿನಿಂದ ಒಂದೆರಡು ಕಿಲೋಮೀಟರಿನೊಳಗೇ ಹುಟ್ಟಿ ಅಲ್ಲೇ ಮುಗಿದುಹೋಗುವ ಗಿಡ್ಡ ಮೋಡಗಳು. ಒಂದೊಂದಾಗಿ ನೋಡಿದರೆ ಲೆಕ್ಕಕ್ಕೇ ಇಲ್ಲ. ಆದರೆ ಕೆಳಗಿನ ಸಮುದ್ರ ಕಪ್ಪು, ಬಿಸಿಲನ್ನು ಕುಡಿಯುತ್ತದೆ. ಮೇಲಿನ ಮೋಡ ಬಿಳಿ, ಬಿಸಿಲನ್ನು ವಾಪಸ್ ಕಳಿಸುತ್ತದೆ. ಹಾಗಾಗಿ ಎಷ್ಟು ಮೋಡ ಇದೆ ಎನ್ನುವುದರಷ್ಟೇ ಮುಖ್ಯ ಅವು ಹೇಗೆ ಕೂತಿವೆ ಎನ್ನುವುದು. ಒಂದೇ ಬಟ್ಟೆಯನ್ನು ಅಗಲಿಸಿ ಕಟ್ಟಿದರೆ ಶಾಮಿಯಾನ, ಚಿಂದಿ ಮಾಡಿ ತೂರಿದರೆ ನೆರಳೇ ಇಲ್ಲ. ಸಮುದ್ರ ಇನ್ನಷ್ಟು ಬಿಸಿಯಾದರೆ ಈ ಶಾಮಿಯಾನ ಉಳಿಯುತ್ತದೋ ಹರಿಯುತ್ತದೋ, ಅದೇ ತಮಗೆ ಸರಿಯಾಗಿ ಗೊತ್ತಿಲ್ಲದ ವಿಷಯ ಎಂದರು.

ಮೋಡಗಳು ಕೂರುವ ಬಗೆಗೆ ನಾಲ್ಕು ಹೆಸರು ಕೊಟ್ಟಿದ್ದರು. ಪುಡಿಪುಡಿಯಾಗಿ ಚೆಲ್ಲಿಕೊಂಡು, ಮಳೆ ಹನಿಸದೆ ಇರುವವು ಸಕ್ಕರೆ. ಸ್ವಲ್ಪ ದಪ್ಪ ಕಾಳಾಗಿ, ಮಳೆ ಹನಿಸಿ, ಕಮಾನಿನ ಹಾಗೆ ಸಾಲುಗಟ್ಟಿದವು ಜಲ್ಲಿ. ಬೆನ್ನೆಲುಬಿನಂತೆ ಉದ್ದಕ್ಕೆ ಚಾಚಿ ಪಕ್ಕೆಲುಬು ತೋರಿಸುವವು ಮೀನು. ಅಗಲವಾಗಿ ಅರಳಿ, ಸುತ್ತ ಜಾಗ ಬಿಟ್ಟುಕೊಂಡು ಕೂತವು ಹೂವು.

ನನಗೆ ತಡೆದುಕೊಳ್ಳಲಾಗಲಿಲ್ಲ. ಕಾಲೇಜಿನ ಮೂರೂ ವರ್ಷ ಚರ್ಚಾ ತಂಡದಲ್ಲಿದ್ದವಳು. ಯಾರಾದರೂ ನಾಲ್ಕು ಎಂದರೆ ಐದು ಯಾಕಲ್ಲ ಎಂದು ಕೇಳುವುದು ಆಗಲೇ ಮೈಗೂಡಿದ ಅಭ್ಯಾಸವಾಗಿತ್ತು. "ಸಾರ್, ಮೋಡದಲ್ಲಿ ಆನೆ ಕುದುರೆ ಕಾಣೋದು ಮಕ್ಕಳಿಗೆ. ನಾಲ್ಕು ಹೆಸರಿಟ್ಟ ತಕ್ಷಣ ಅಲ್ಲಿ ನಾಲ್ಕು ಬಗೆ ಇದೆ ಅಂತ ಹೇಗೆ ಆಗುತ್ತೆ?" ಎಂದೆ.

ಅವರಿಗೆ ಸಿಟ್ಟು ಬರಲಿಲ್ಲ. "ಅದೇ ನಮ್ಮ ಅನುಮಾನ ಕೂಡ. ನೀವು ನಂಬಬೇಕಾಗಿಲ್ಲ. ಕಂಡದ್ದಕ್ಕೆ ಗುರುತು ಹಾಕಿ, ಸಾಕು. ಒಂದು ಚಿತ್ರಾನ ಮೂರು ಜನ ನೋಡ್ತೀರಿ. ಒಬ್ಬರದ್ದು ಇನ್ನೊಬ್ಬರು ನೋಡಬೇಡಿ" ಎಂದರು.

ಪರೀಕ್ಷೆ ಕೋಣೆಯಲ್ಲಿ ಕಾಪಿ ಹೊಡೆಯಬೇಡಿ ಎಂದ ಹಾಗೆ ಕೇಳಿಸಿಕೊಂಡೆ. ನಾನು ಜೀವಮಾನದಲ್ಲಿ ಕಾಪಿ ಹೊಡೆದವಳಲ್ಲ. ಹಾಗಾಗಿ ಆ ಮಾತು ನನಗೆ ಸಂಬಂಧಿಸಿದ್ದಲ್ಲ ಎಂದು ಅಲ್ಲೇ ಬಿಟ್ಟೆ.

ನಮ್ಮ ಮೇಜಿನಲ್ಲಿ ಮೂವರು. ಒಬ್ಬ ಮಂಜ, ಕುಂದಲಹಳ್ಳಿಯ ಹಳೆಯ ಮನೆತನದವನು. "ಈ ಬಿಲ್ಡಿಂಗ್ ಇರೋ ಜಾಗ್ದಾಗೆ ನಮ್ಮಜ್ಜಿ ಉರುಳಿ ಗಿಡ ಕಿತ್ತವ್ಳೆ, ಗೊತ್ತಾ" ಎಂದು ಹೇಳಿಕೊಂಡು, ಅದೇ ಬಿಲ್ಡಿಂಗಿಗೆ ದಿನಾ ಹತ್ತು ನಿಮಿಷ ತಡವಾಗಿ ಬರುತ್ತಿದ್ದ. ಅವನ ಮನೆಯವರು ಊರೊಳಗೆ ಸಾಲಾಗಿ ಕೋಣೆ ಕಟ್ಟಿ ಬಾಡಿಗೆಗೆ ಬಿಟ್ಟಿದ್ದರು. ಅಂಥ ಒಂದು ಕೋಣೆಯಲ್ಲಿ ಇದ್ದವಳೇ ಮೇಜಿನ ಮೂರನೆಯವಳು, ಶಿವಲೀಲಾ. ಕೊಪ್ಪಳದ ಕಡೆಯವಳು, ನನಗಿಂತ ಏಳೆಂಟು ವರ್ಷ ದೊಡ್ಡವಳು. ಅಣ್ಣ ಕಟ್ಟಡಗಳಿಗೆ ಸೆಂಟ್ರಿಂಗ್ ಹೊಡೆಯುವವನು. ಅವಳೂ ಮೊದಲು ಊರಿನ ಕಲ್ಲು ಪುಡಿ ಮಾಡುವ ಕ್ರಷರಿನಲ್ಲಿ, ಆಮೇಲೆ ಅಣ್ಣನ ಜೊತೆ ಬೆಂಗಳೂರಿನ ಸೈಟುಗಳಲ್ಲಿ ತಲೆಯ ಮೇಲೆ ಜಲ್ಲಿ ಹೊತ್ತವಳು. ನಡುವೆ ಅಂಚೆ ಮೂಲಕ ಬಿಎ ಮುಗಿಸಿದ್ದಳು. ಮೊದಲ ವಾರ ಕುರ್ಚಿಯ ತುದಿಯಲ್ಲೇ ಕೂರುತ್ತಿದ್ದಳು.

"ಪೂರ್ತಿ ಕೂತ್ಕೊಳ್ಳಿ ಅಕ್ಕಾ, ಕುರ್ಚಿ ಓಡೋಗಲ್ಲ" ಎಂದ ಮಂಜ.

"ಕುಂತು ಮಾಡೂ ಕೆಲಸ ಇದ ಮೊದಲ ನಂದು. ರೂಢಿ ಆಗ್ಲಿ ತಡಿಯಪ್ಪ" ಎಂದಳು.

ಮೂರು ತಿಂಗಳು ಪರೀಕ್ಷಾ ಅವಧಿ. ಗಣೇಶನ ಹಬ್ಬದ ಹೊತ್ತಿಗೆ ಕಾಯಂ ಮಾಡುವುದೋ ಕಳಿಸುವುದೋ ತೀರ್ಮಾನ. ನನಗೆ ಅದು ಒಂದು ಕೆಲಸ, ಇದಿಲ್ಲದಿದ್ದರೆ ಇನ್ನೊಂದು. ಅವಳಿಗೆ ಒಂದು ಕಡೆ ಆ ಕುರ್ಚಿ, ಇನ್ನೊಂದು ಕಡೆ ಜಲ್ಲಿ ಬುಟ್ಟಿ. ಇದನ್ನು ಅವಳು ಯಾರಿಂದಲೂ ಮುಚ್ಚಿಟ್ಟಿರಲಿಲ್ಲ. ನನಗೂ ಗೊತ್ತಿತ್ತು.

ಹೆಸರುಗಳ ವಿಷಯದಲ್ಲಿ ಅವಳಿಗೆ ಮೊದಲ ದಿನವೇ ತಕರಾರು. ತರಬೇತಿಯಲ್ಲಿ ಕೊಟ್ಟ ಮಾದರಿ ಪುಸ್ತಕದ ಜಲ್ಲಿಯ ಚಿತ್ರ ನೋಡಿ, "ಇದಕ್ಕ ಜಲ್ಲಿ ಅಂತಾರೇನು? ಯಾವ ಜಲ್ಲಿ? ಇಪ್ಪತ್ತ್ ಎಂಎಂ ಬ್ಯಾರೆ, ನಲವತ್ತ್ ಎಂಎಂ ಬ್ಯಾರೆ" ಎಂದಳು. ಮಂಜ ನಕ್ಕು, "ಅಕ್ಕಾ, ಅವ್ರು ಮನೆ ಕಟ್ತಿಲ್ಲ, ಮೋಡ ನೋಡ್ತವ್ರೆ" ಎಂದ. ನಾನೂ ನಕ್ಕೆ. ಅವಳೂ ನಕ್ಕಳು. ನನ್ನನ್ನು 'ತಂಗಿ' ಎನ್ನಲು ಶುರುಮಾಡಿದ್ದು ಆ ದಿನದಿಂದಲೇ.

ಮೂವರ ಗುರುತು ಎಷ್ಟು ಹೊಂದಿಕೆಯಾಗುತ್ತದೆ ಎಂದು ಕಂಪನಿ ವಾರವಾರ ಅಳೆಯುತ್ತಿತ್ತು. ಹೊಂದಿಕೆ ಹೆಚ್ಚಿದ್ದರೆ ಮೇಜಿನ ಹೆಸರು ಹಸಿರಿನಲ್ಲಿ, ಕಡಿಮೆಯಿದ್ದರೆ ಕೆಂಪಿನಲ್ಲಿ ಗೋಡೆಯ ಮೇಲೆ. ಮೊದಲ ಎರಡು ವಾರ ನಾವು ಕೆಂಪು. ನಮ್ಮ ಟೀಮ್ ಲೀಡ್ ಕವಿತಾ ಮೇಡಂ ಒಳ್ಳೆಯವರೇ. ಕೆಂಪು ಕಂಡರೆ ಮಾತ್ರ ಅವರಿಗೆ ತಲೆನೋವು ಶುರುವಾಗುತ್ತಿತ್ತು. "ಒಂದೇ ಚಿತ್ರ ನೋಡಿ ಮೂರು ಜನ ಮೂರು ಥರ ಹೇಳಿದ್ರೆ ಕ್ಲೈಂಟ್‌ಗೆ ನಾನೇನ್ ಹೇಳ್ಲಿ?" ಎಂದರು.

ಪರಿಹಾರ ಹುಡುಕಿದ್ದು ನಾನು. ಯಾರೂ ಯಾರ ಪರದೆಯನ್ನೂ ನೋಡಬೇಕಿಲ್ಲ. ಗುರುತು ಹಾಕುವ ಮೊದಲು, ಕಷ್ಟದ ಚಿತ್ರಗಳ ನಂಬರ್ ಚೀಟಿಯಲ್ಲಿ ಬರೆದುಕೊಂಡು, ಟೀ ಹೊತ್ತಿಗೆ ಕೆಳಗಿನ ಬೇಕರಿಯ ಮುಂದೆ ನಿಂತು ಮಾತಾಡಿ ಬಗೆಹರಿಸಿಕೊಳ್ಳುವುದು. ಇದು ಕಾಪಿಯಲ್ಲ, ಚರ್ಚೆ. ಹೊರಗೆ ಜಿನುಗು ಮಳೆ, ಕೈಯಲ್ಲಿ ಪೇಪರ್ ಲೋಟ. ನಾನು ಕಾರಣ ಕೊಡುತ್ತಿದ್ದೆ, ಎದುರು ಕಾರಣ ಕೇಳುತ್ತಿದ್ದೆ, ಅದನ್ನು ಮುರಿಯುತ್ತಿದ್ದೆ. ಮಂಜ ಎರಡನೇ ವಾಕ್ಯಕ್ಕೇ ಶರಣು. "ಬಿಡಮ್ಮ ಲಾಯರಮ್ಮ, ನೀನ್ ಯೋಳ್ದಂಗೇ ಮೀನು. ಮೊದ್ಲು ಬನ್ ತಿನ್ನೋಣ." ಶಿವಲೀಲಾ ಸ್ವಲ್ಪ ಹೊತ್ತು ಯೋಚಿಸುತ್ತಿದ್ದಳು. "ನೀ ಹೇಳೂದು ಚಂದ ಐತಿ ತಂಗಿ. ಆದ್ರ ನನಗ ಹಂಗ ಕಾಣವಲ್ದು" ಎನ್ನುತ್ತಿದ್ದಳು. ನಾನು ಇನ್ನೊಂದು ಕಾರಣ ಕೊಡುತ್ತಿದ್ದೆ. ಅವಳು ತಲೆಯಾಡಿಸಿ ಮೇಲೆ ಹೋಗಿ ನಾನು ಹೇಳಿದ್ದನ್ನೇ ಹಾಕುತ್ತಿದ್ದಳು.

ಮೂರನೇ ವಾರ ನಾವು ಹಸಿರು. ನಾಲ್ಕನೇ ವಾರ ಎಲ್ಲ ಮೇಜುಗಳಿಗಿಂತ ಮೇಲೆ. ಕವಿತಾ ಮೇಡಂ ಕೇಕ್ ತರಿಸಿ, ಕತ್ತರಿಸಲು ಚಾಕು ನನ್ನ ಕೈಗೆ ಕೊಟ್ಟರು.

ಆ ಕೇಕಿನ ತುಂಡನ್ನು ಮನೆಗೆ ತಂದು ಅಪ್ಪನಿಗೆ ಕೊಟ್ಟು ಕಥೆ ಹೇಳಿದೆ. ಅಪ್ಪ ಪೀಣ್ಯದ ಒಂದು ಲೇತ್ ಶಾಪಿನಲ್ಲಿ ಮೂವತ್ತು ವರ್ಷದಿಂದ ತಯಾರಾದ ಭಾಗಗಳ ಅಳತೆ ನೋಡುವವರು. ಮಾತು ಕಡಿಮೆ. ಕೇಕು ತಿಂದು ಬೆರಳು ಒರೆಸಿಕೊಂಡು ಹೇಳಿದರು: "ನಮ್ಮಲ್ಲಿ ಒಂದು ಪೀಸನ್ನ ಇಬ್ರು ಅಳೀತೀವಿ. ಮೊದಲು ಅಳೆದೋನು ಬಾಯಿ ಬಿಡಬಾರ್ದು. ಬಿಟ್ಟ ಅಂದ್ರೆ ಎರಡನೇಯೋನ ಕಣ್ಣು ಅಲ್ಲೇ ಹೋಗಿ ನಿಲ್ಲುತ್ತೆ. ಆಮೇಲೆ ಇಬ್ರು ಅಳೆದು ಏನು ಬಂತು, ಒಬ್ನೇ ಎರಡು ಸಲ ಅಳೆದಂಗೆ."

"ಅಪ್ಪ, ಅದು ಕಬ್ಬಿಣ. ಅದಕ್ಕೆ ಒಂದೇ ಉತ್ತರ ಇರುತ್ತೆ. ಇದು ಮೋಡ, ಮಾತಾಡಿಯೇ ತೀರ್ಮಾನ ಆಗ್ಬೇಕು" ಎಂದೆ.

"ಇರಬಹುದು" ಎಂದರು ಅಪ್ಪ. ಅವರು ವಾದ ಮಾಡುವುದಿಲ್ಲ. ಅದನ್ನೂ ನಾನು ಗೆಲುವು ಎಂದೇ ಲೆಕ್ಕ ಹಾಕಿಕೊಂಡೆ.

ಜುಲೈ ಕೊನೆಯ ವಾರ ಒಂದು ಕಂತು ಚಿತ್ರಗಳು ಬಂದವು. ಮೇಲುನೋಟಕ್ಕೆ ಎಲ್ಲ ಸಕ್ಕರೆ: ಕಪ್ಪು ನೀರಿನ ಮೇಲೆ ಬಿಳಿ ಪುಡಿ. ಮಧ್ಯಾಹ್ನ ಶಿವಲೀಲಾ ನನ್ನ ತೋಳು ಮುಟ್ಟಿ, "ತಂಗಿ, ಇಲ್ಲಿ ಪುಡಿ ಅಲ್ಲ ನೋಡು. ದುಂಡಕ ಗೆರಿ ಐತಿ. ನಡುವ ಖಾಲಿ" ಎಂದಳು. ಅವಳ ಬೆರಳು ಪರದೆಯ ಮೇಲೆ ಒಂದು ಉಂಗುರ ಬರೆಯಿತು. ನನಗೆ ಕಾಣಲಿಲ್ಲ. ನಿಜ ಹೇಳುತ್ತಿದ್ದೇನೆ, ಆ ದಿನ ನಿಜಕ್ಕೂ ಕಾಣಲಿಲ್ಲ.

ಟೀ ಹೊತ್ತಿಗೆ ಅವಳು ವಿವರಿಸಿದಳು. ಕ್ರಷರಿನ ಅಂಗಳದಲ್ಲಿ ಮೊಣಕಾಲುದ್ದ ಕಲ್ಲಿನ ಹಿಟ್ಟು. ಅದರ ಮೇಲೆ ಕೊಡ ನೀರು ಒಮ್ಮೆಗೇ ಹೊಡೆದರೆ ಬಿದ್ದ ಕಡೆ ಧೂಳು ಸತ್ತುಹೋಗುತ್ತದೆ, ಆದರೆ ಅಂಚಿಗೆ ತಳ್ಳಿಸಿಕೊಂಡ ಧೂಳು ದುಂಡಗೆ ಎದ್ದು ನಿಲ್ಲುತ್ತದೆ. "ಇಲ್ಲೂ ನೀರು ಬಿದ್ದೈತಿ. ಮ್ಯಾಲಿಂದ ಬಿದ್ದು, ಕೆಳಗ ತಂಪು ಹರದು, ಅಂಚಿಗೆ ಹೊಸಾ ಮ್ವಾಡ ಎಬ್ಬಿಸೈತಿ. ಮಳಿ ಆದ ಜಾಗ ಇದು. ಸಕ್ಕರಿ ಆದ್ರ ಮಳಿ ಇರಬಾರದಲ್ಲ? ಇದು ಜಲ್ಲಿ."

ನಾನು ಮಾದರಿ ಪುಸ್ತಕ ತೆರೆದೆ. ಜಲ್ಲಿಯ ಮಾದರಿಗಳಲ್ಲಿ ಕಾಳು ದಪ್ಪ, ಕಮಾನು ಸ್ಪಷ್ಟ. ಇಲ್ಲಿ ಕಾಳೂ ಇಲ್ಲ, ಕಮಾನೂ ಇಲ್ಲ. ಇರಬಹುದು ಎನ್ನುವುದು ಸಾಕ್ಷಿಯಲ್ಲ ಎಂದೆ. ಮಂಜ ಬನ್ ಅಗಿಯುತ್ತ ನನ್ನ ಕಡೆ ಬಂದ. ಇಬ್ಬರು ಒಂದು ಕಡೆ.

"ಈ ಸಲ ಬ್ಯಾಡ ತಂಗಿ. ನನ್ನ ಕಣ್ಣಿಗೆ ಕಂಡದ್ದ ಹಾಕ್ತೇನಿ" ಎಂದಳು.

ಅಂಥವು ಒಟ್ಟು ಹನ್ನೊಂದು ಚಿತ್ರ ಬಂದವು. ಹನ್ನೊಂದಕ್ಕೂ ನಾನು ಮತ್ತು ಮಂಜ ಸಕ್ಕರೆ, ಅವಳೊಬ್ಬಳು ಜಲ್ಲಿ. ಗೋಡೆಯ ಮೇಲೆ ನಮ್ಮ ಮೇಜು ಮತ್ತೆ ಕೆಂಪಾಯಿತು. ಒಬ್ಬೊಬ್ಬರ ಹೊಂದಿಕೆಯನ್ನು ಬೇರೆ ಬೇರೆ ತೆಗೆದಾಗ ಕೆಂಪು ಯಾರದೆಂದು ಎಲ್ಲರಿಗೂ ಗೊತ್ತಾಯಿತು.

ಆಗಸ್ಟಿನ ಒಂದು ಮಧ್ಯಾಹ್ನ, ಎಲ್ಲರೂ ಊಟಕ್ಕೆ ಹೋಗಿದ್ದಾಗ, ನಾನೊಬ್ಬಳೇ ಆ ಹನ್ನೊಂದರಲ್ಲಿ ಒಂದನ್ನು ಮತ್ತೆ ತೆರೆದೆ. ಅವಳನ್ನು ಸೋಲಿಸಲು ಇನ್ನೊಂದು ಪಾಯಿಂಟ್ ಸಿಗುತ್ತದೇನೋ ಎಂದು ಹುಡುಕುತ್ತಿದ್ದೆ. ಪರದೆಯಿಂದ ಸ್ವಲ್ಪ ಹಿಂದಕ್ಕೆ ಸರಿದು, ಕಣ್ಣು ಕಿರಿದು ಮಾಡಿದೆ. ಪುಡಿ ಪುಡಿಯಾಗಿದ್ದದ್ದು ಸದ್ದಿಲ್ಲದೆ ಸರಿದು ಉಂಗುರವಾಯಿತು. ಅದರ ಪಕ್ಕ ಇನ್ನೊಂದು. ಎರಡು ಉಂಗುರ ಒಂದಕ್ಕೊಂದು ತಾಗಿದ ಕಡೆ ಬಿಳುಪು ಗಟ್ಟಿಯಾಗಿತ್ತು. ನಡುವಿನ ಜಾಗ ತೊಳೆದ ಹಾಗೆ ಕಪ್ಪು. ಒಮ್ಮೆ ಕಂಡ ಮೇಲೆ ಅದನ್ನು ಕಾಣದ ಹಾಗೆ ನೋಡಲು ಪ್ರಯತ್ನಿಸಿದೆ. ಆಗಲಿಲ್ಲ. ಉಳಿದ ಹತ್ತನ್ನೂ ತೆರೆದೆ. ಹತ್ತರಲ್ಲೂ ಇತ್ತು.

ಅವರು ಊಟ ಮುಗಿಸಿ ಬಂದಾಗ ಚಿತ್ರ ಮುಚ್ಚಿದ್ದೆ. ಶಿವಲೀಲಾ ನನ್ನ ಮೇಜಿನ ಮೇಲೆ ಎರಡು ಪೇರಳೆ ಹೋಳು ಇಟ್ಟು ತನ್ನ ಜಾಗಕ್ಕೆ ಹೋದಳು.

ನನ್ನ ಪರವಾಗಿ ಏನು ಹೇಳಬಹುದೋ ಅದನ್ನೂ ಹೇಳಿಬಿಡುತ್ತೇನೆ. ಚರ್ಚಾ ತಂಡದಲ್ಲಿ ನಮಗೆ ಚೀಟಿ ಎತ್ತಿಸುತ್ತಿದ್ದರು. ಪರ ಬಂದರೆ ಪರ, ವಿರೋಧ ಬಂದರೆ ವಿರೋಧ. ನಿನಗೇನು ಅನಿಸುತ್ತದೆ ಎಂದು ಯಾರೂ ಕೇಳುತ್ತಿರಲಿಲ್ಲ. ಕೇಳಿದರೆ ಅದು ಅನನುಭವಿಯ ಲಕ್ಷಣ. ನಡುವೆ ಮನಸ್ಸು ಬದಲಾಯಿಸಿದವರು ಸೋತವರು. ಮೂರು ವರ್ಷ ಹೀಗೆ ಪಳಗಿದವಳಿಗೆ ಪಕ್ಷ ಬಿಡುವುದು ಗೊತ್ತಿರಲಿಲ್ಲ. ಇದು ನನ್ನ ವಾದ. ಇದಕ್ಕೆ ಎದುರು ಉತ್ತರ ಒಂದೇ ಸಾಲಿನದು: ಆ ಮೇಜಿನಲ್ಲಿ ಯಾರೂ ನನಗೆ ಚೀಟಿ ಕೊಟ್ಟಿರಲಿಲ್ಲ.

ಹಬ್ಬಕ್ಕೆ ಹತ್ತು ದಿನ ಇರುವಾಗ ಕವಿತಾ ಮೇಡಂ ನನ್ನನ್ನು ಕರೆದರು. "ಶಿವಲೀಲಾ ವಿಷಯ ಇವತ್ತು ತೀರ್ಮಾನ ಮಾಡ್ಬೇಕು. ಅವಳಿಗೆ ಅನ್ಯಾಯ ಆಗೋದು ಬೇಡ. ಆ ಹನ್ನೊಂದರಲ್ಲಿ ಒಂದು ಚಿತ್ರ ಇಟ್ಕೊಂಡು ಅವಳೂ ಹೇಳ್ಲಿ, ನೀನೂ ಹೇಳು. ನಿಂಗೆ ಮಾತು ಚೆನ್ನಾಗಿ ಬರುತ್ತೆ" ಎಂದರು. ಬೇಡ ಎನ್ನಲು, ಅಥವಾ ನನಗೂ ಈಗ ಕಾಣುತ್ತಿದೆ ಎನ್ನಲು, ಅದಕ್ಕಿಂತ ಒಳ್ಳೆಯ ಜಾಗ ಸಿಗುತ್ತಿರಲಿಲ್ಲ. "ಸರಿ ಮೇಡಂ" ಎಂದೆ.

ಗಾಜಿನ ಕೋಣೆ. ಕವಿತಾ ಮೇಡಂ, ಅವರ ಮೇಲಿನ ಮ್ಯಾನೇಜರ್ ಒಬ್ಬರು, ಮಂಜ, ನಾನು, ಅವಳು. ಗೋಡೆಯ ಪರದೆಯ ಮೇಲೆ ಚಿತ್ರ. ಅವಳು ಎದ್ದು ನಿಂತು ಅದೇ ಕೊಡದ ಕಥೆ ಹೇಳಿದಳು. ನಿಂತು ಹೇಳಿದ್ದರಿಂದಲೋ ಏನೋ ಮಾತು ತಡವರಿಸಿತು. ನಡುವೆ ನನ್ನ ಕಡೆ ತಿರುಗಿ, "ತಂಗಿ, ನೀ ಸ್ವಲ್ಪ ಹೇಳವಾ, ನಿನಗ ಗೊತ್ತೈತಿ" ಎಂದಳು. ಅವಳಿಗೆ ನಾನು ಕಂಡದ್ದು ಗೊತ್ತಿತ್ತೋ ಇಲ್ಲವೋ ನನಗೆ ಇವತ್ತಿಗೂ ಗೊತ್ತಿಲ್ಲ. ಮಾತಿಗೆ ಸಹಾಯ ಕೇಳಿದ್ದಷ್ಟೇ ಇರಬಹುದು.

ನಾನು ಎದ್ದೆ. "ಶಿವಲೀಲಾ ಅವರ ಅನುಭವಕ್ಕೆ ಗೌರವ ಇದೆ" ಎಂದು ಶುರುಮಾಡಿದೆ. ಎದುರಾಳಿಯನ್ನು ಮೊದಲು ಹೊಗಳಬೇಕು, ಅದು ಪಾಠ. "ಆದರೆ ಅವರು ಹೇಳ್ತಿರೋದು ಕ್ರಷರ್ ಅಂಗಳ. ಅಲ್ಲಿ ನೀರು ಹಾಕೋರು ಯಾರು ಅಂತ ಗೊತ್ತು. ಇಲ್ಲಿ ಸಮುದ್ರದ ಮೇಲೆ ಕೊಡ ಹೊತ್ಕೊಂಡು ಹೋದವರು ಯಾರು?"

ಮ್ಯಾನೇಜರ್ ನಕ್ಕರು. ಮಂಜನೂ ನಕ್ಕ, ಆಮೇಲೆ ತಲೆ ತಗ್ಗಿಸಿದ. ನಾಲ್ಕು ನಿಮಿಷದಲ್ಲಿ ಮುಗಿಯಿತು. ಅವಳು ಕೂರಲಿಲ್ಲ, ಯಾರೂ ಕೂರು ಎನ್ನಲಿಲ್ಲ.

ಸೋಮವಾರ ಅವಳ ಲಾಗಿನ್ ತೆಗೆದಿದ್ದರು. ಊಟದ ಡಬ್ಬಿ, ನೀರಿನ ಬಾಟಲಿ ತೆಗೆದುಕೊಳ್ಳಲು ಬಂದಿದ್ದಳು. ನಾನು ಲಿಫ್ಟಿನವರೆಗೆ ಹೋದೆ. ಹೋಗದೆ ಇದ್ದಿದ್ದರೆ ಚೆನ್ನಾಗಿತ್ತು.

"ಭಾಳ ಚಂದ ಮಾತಾಡ್ತೀರಿ ಮೇಡಂ ನೀವು" ಎಂದಳು. ತಂಗಿ ಅಲ್ಲ. "ಒಂದ ಕೇಳ್ತೇನ್ರಿ. ಸಿಟ್ಟಿಲ್ಲ. ನಿಮಗೂ ಆ ದುಂಡಂದು ಕಂಡಿತ್ತಲ್ರಿ?"

ಲಿಫ್ಟ್ ಬಂತು. ಬಾಗಿಲು ತೆರೆಯಿತು.

"ಇಲ್ಲ ಅಕ್ಕ" ಎಂದೆ.

"ಹೌದೇನ್ರಿ" ಎಂದಳು. ಬಾಗಿಲು ಮುಚ್ಚಿತು.

ಇಷ್ಟಕ್ಕೇ ಮುಗಿದಿದ್ದರೆ ಇದನ್ನು ಒಬ್ಬಳಿಗೆ ಮಾಡಿದ ತಪ್ಪು ಎಂದು ಹೇಳಿ ಸುಮ್ಮನಾಗಬಹುದಿತ್ತು. ಹಬ್ಬ ಮುಗಿದ ಮೇಲೆ ಸಂಶೋಧಕರಿಂದ ಮೇಲ್ ಬಂತು. ಅವರ ಭಾಷೆ ಯಾವಾಗಲೂ ಮೆತ್ತಗೆ. ನಿಮ್ಮ ಒಂದು ಮೇಜಿನಲ್ಲಿ ಮೂರನೇ ವಾರದಿಂದ ಭಿನ್ನಾಭಿಪ್ರಾಯ ಹೆಚ್ಚುಕಡಿಮೆ ಮಾಯವಾಗಿದೆ, ಇದು ಹೇಗೆ ಎಂದು ಕೇಳಿದ್ದರು. ಮೂವರು ಬೇರೆ ಬೇರೆ ಹೇಳಿದ ಚಿತ್ರಗಳೇ ತಮಗೆ ಹೆಚ್ಚು ಬೇಕಾದವು; ಒಂದು ಬಗೆ ಇನ್ನೊಂದಾಗಿ ತಿರುಗುವ ಹೊತ್ತು ಅಲ್ಲೇ ಸಿಗುತ್ತದೆ, ಶಾಮಿಯಾನ ಹರಿಯುವುದೋ ಉಳಿಯುವುದೋ ಅಲ್ಲೇ ತಿಳಿಯುತ್ತದೆ ಎಂದಿದ್ದರು. ಕೊನೆಯಲ್ಲಿ ಇನ್ನೊಂದು ಸಾಲು: ಹನ್ನೊಂದು ಚಿತ್ರಗಳಲ್ಲಿ ಒಬ್ಬರು ಮಾತ್ರ ಒಂಟಿಯಾಗಿ ಜಲ್ಲಿ ಎಂದು ಗುರುತಿಸಿದ್ದಾರೆ, ಅವರ ಹತ್ತಿರ ಮಾತಾಡಬಹುದೇ?

ಅಪ್ಪ ಕೇಕ್ ತಿಂದು ಬೆರಳು ಒರೆಸಿಕೊಂಡದ್ದು ಕಣ್ಣಮುಂದೆ ಬಂತು.

ಕವಿತಾ ಮೇಡಂ ಲ್ಯಾಪ್‌ಟಾಪ್ ನನ್ನ ಕಡೆ ತಿರುಗಿಸಿದರು. "ಉತ್ತರ ನೀನೇ ಬರಿ. ನಿನ್ನ ಇಂಗ್ಲಿಷ್ ಚೆನ್ನಾಗಿದೆ" ಎಂದರು. ಬರೆದೆ. ತಂಡದ ಅನುಭವ ಹೆಚ್ಚಿದಂತೆ ಹೊಂದಿಕೆ ಹೆಚ್ಚಿದೆ. ನಮ್ಮಲ್ಲಿ ಯಾರೂ ಇನ್ನೊಬ್ಬರ ಪರದೆ ನೋಡುವುದಿಲ್ಲ. ನೀವು ಕೇಳಿದ ವ್ಯಕ್ತಿ ಈಗ ಕಂಪನಿಯಲ್ಲಿಲ್ಲ. ಮೂರೂ ವಾಕ್ಯ ನಿಜ. ಒಂದರಲ್ಲೂ ಸುಳ್ಳಿನ ಒಂದಕ್ಷರ ತೋರಿಸಿ ಎಂದು ನಾನು ಯಾವ ತೀರ್ಪುಗಾರರಿಗೂ ಸವಾಲು ಹಾಕಬಹುದಿತ್ತು. ಆ ವ್ಯಕ್ತಿ ಕಂಪನಿಯಿಂದ ಐದು ನಿಮಿಷ ನಡೆದರೆ ಸಿಗುವ, ಮಂಜನ ಮನೆಯ ಕೋಣೆಯಲ್ಲಿ ಆ ತಿಂಗಳು ಇನ್ನೂ ಇದ್ದಳು.

ಡಿಸೆಂಬರಿನಲ್ಲಿ ನಾನೂ ಆ ಕೆಲಸ ಬಿಟ್ಟೆ. ಬಿಟ್ಟದ್ದಕ್ಕೆ ಬೇರೆ ಕಾರಣ ಹೇಳಿಕೊಂಡೆ.

ಈಗ ಕಳೆದ ತಿಂಗಳಿಗೆ ಬರುತ್ತೇನೆ. ಆ ಧೂಳಿನ ಉಂಗುರ ನೋಡಿ ಮನೆಗೆ ಹೋದವಳು ಮಂಜನಿಗೆ ಫೋನ್ ಮಾಡಿದೆ.

"ಏನ್ ಲಾಯರಮ್ಮ, ಬದ್ಕಿದ್ಯಾ?" ಎಂದ.

ಶಿವಲೀಲಾ ನಂಬರ್ ಕೇಳಿದೆ. "ಸರ್ಜಾಪುರದ ಕಡೆ ಸೈಟಲ್ಲವ್ರೆ. ನಂಬರ್ ಕಳಿಸ್ತೀನಿ. ನೋಡು, ವಾದ ಗೀದ ಮಾಡೋಕೆ ಓಗ್ಬೇಡ. ನಾನೂ ಅವತ್ತು ನಕ್ಬಿಟ್ಟಿದ್ದೆ. ಅವ್ರು ರೂಮ್ ಖಾಲಿ ಮಾಡೋಗಂಟ ಮಖ ತೋರ್ಸೋಕಾಗ್ಲಿಲ್ಲ ನಂಗೆ."

ಮೂರನೇ ರಿಂಗಿಗೆ ಎತ್ತಿದಳು. ಹಿಂದೆ ಕಾಂಕ್ರೀಟ್ ಮಿಕ್ಸರಿನ ಸದ್ದು. ಹೆಸರು ಹೇಳಿದೆ.

"ಹಾಂ, ಹೇಳ್ರಿ ಮೇಡಂ. ಆರಾಮ್ ಅದೀರೇನ್ರಿ?"

ಏನೇನೋ ಸಿದ್ಧ ಮಾಡಿಕೊಂಡಿದ್ದೆ. ಎಲ್ಲ ಬಿಟ್ಟೆ. "ಅಕ್ಕಾ, ಅವತ್ತು ಲಿಫ್ಟ್ ಹತ್ರ ಕೇಳಿದ್ರಲ್ಲ, ಕಂಡಿತ್ತಾ ಅಂತ. ಕಂಡಿತ್ತು. ಅದಕ್ಕೂ ಎಷ್ಟೋ ಮುಂಚೆನೇ ಕಂಡಿತ್ತು."

ಮಿಕ್ಸರ್ ತಿರುಗುತ್ತಿತ್ತು. ಅವಳು ಯಾರಿಗೋ "ಏ, ಆ ಸಿಮೆಂಟ್ ಚೀಲ ಮುಚ್ಚಪ್ಪ, ಮ್ವಾಡ ಕಟ್ಟೈತಿ" ಎಂದು ಕೂಗಿ ಹೇಳಿದಳು. ಆಮೇಲೆ ನನಗೆ, "ಗೊತ್ತಿತ್ರಿ" ಎಂದಳು.

"ತಪ್ಪಾಯ್ತು ಅಕ್ಕಾ."

"ಅದಿರ್ಲಿ. ಆ ಹನ್ನೊಂದು ಚಿತ್ರದಾಗ ಈಗ ಏನಂತ ಐತ್ರಿ? ಸಕ್ಕರಿ ಅಂತನ ಐತೇನು ಇನ್ನೂ?"

"ಹೌದು. ಮೂವರಲ್ಲಿ ಇಬ್ಬರು ಹೇಳಿದ್ದೇ ನಿಂತಿರುತ್ತೆ."

"ಮತ್ತ ನನಗ್ಯಾಕ ಫೋನ್ ಮಾಡೀರಿ? ನನಗ ಅಂದೇ ಗೊತ್ತಿತ್ತು. ಗೊತ್ತಿಲ್ಲದ್ದು ಆ ಪರದೆ ಮ್ಯಾಲ ಬಂದಿದ್ದ ಸಾರ್‌ಗೆ. ಅವ್ರಿಗೆ ಹೇಳ್ರಿ" ಎಂದಳು. ಬೈದ ಹಾಗೆ ಅಲ್ಲ. ಸೈಟಿನಲ್ಲಿ ತಪ್ಪು ಕಡೆ ಇಳಿಸಿದ ಲಾರಿಗೆ ಸರಿಯಾದ ಜಾಗ ತೋರಿಸುವ ಹಾಗೆ. "ಕೆಲಸ ಐತ್ರಿ, ಇಡ್ತೇನಿ."

ಸಂಶೋಧಕರಿಗೆ ಮೇಲ್ ಬರೆಯಲು ಕೂತೆ. ಮೊದಲ ಸಲ ಬರೆದದ್ದು ಎರಡು ಪುಟ ಆಯಿತು. ಓದಿ ನೋಡಿದರೆ ಅದರಲ್ಲಿ ಚರ್ಚಾ ತಂಡ ಇತ್ತು, ಗೋಡೆಯ ಕೆಂಪು ಹಸಿರು ಇತ್ತು, ನನ್ನ ಚಿಕ್ಕ ವಯಸ್ಸಿತ್ತು, ಕವಿತಾ ಮೇಡಂ ತಲೆನೋವಿತ್ತು. ಎಲ್ಲ ಒಳ್ಳೆಯ ಪಾಯಿಂಟುಗಳೇ. ಅಳಿಸಿದೆ. ಎರಡನೇ ಸಲ ಒಂದು ಪುಟ. ಅದನ್ನೂ ಅಳಿಸಿದೆ. ಕೊನೆಗೆ ಉಳಿದದ್ದು ಇಷ್ಟು: ಆ ಮೇಜಿನ ಗುರುತುಗಳನ್ನು ಮೂವರು ಹಾಕಿದ್ದಲ್ಲ, ನಾನು ಬೇಕರಿಯ ಮುಂದೆ ಇಬ್ಬರನ್ನು ಒಪ್ಪಿಸಿ ಹಾಕಿಸಿದ್ದು, ಅವನ್ನು ಒಬ್ಬರದೆಂದೇ ಲೆಕ್ಕ ಹಿಡಿಯಿರಿ. ಹನ್ನೊಂದು ಚಿತ್ರಗಳಲ್ಲಿ ಉಂಗುರ ಇದೆ, ಅದನ್ನು ಮೊದಲು ಕಂಡವಳು ಶಿವಲೀಲಾ, ಆಮೇಲೆ ನನಗೂ ಕಂಡಿತ್ತು, ನಾನು ಹೇಳಲಿಲ್ಲ.

ಆರು ದಿನ ಉತ್ತರ ಬರಲಿಲ್ಲ. ಏಳನೇ ದಿನ ಬಂತು. ಆ ಗುರುತುಗಳನ್ನು ಇಟ್ಟುಕೊಂಡು, ಮೋಡಗಳನ್ನು ತಾನೇ ಗುರುತಿಸುವ ಹಾಗೆ ಕಂಪ್ಯೂಟರಿಗೆ ಆಗಲೇ ಒಂದಷ್ಟು ಕಲಿಸಿ ಆಗಿದೆಯಂತೆ. ಎಷ್ಟನ್ನು ಹಿಂದಕ್ಕೆ ತೆಗೆದುಕೊಳ್ಳಬಹುದು ಎಂದು ನೋಡಬೇಕಂತೆ. ನನ್ನನ್ನು ಬೈದಿರಲಿಲ್ಲ, ಕ್ಷಮಿಸಿಯೂ ಇರಲಿಲ್ಲ. ಶಿವಲೀಲಾ ಅವರು ಒಪ್ಪಿದರೆ, ಆ ಕಂತಿನ ಚಿತ್ರಗಳನ್ನೆಲ್ಲ ಇನ್ನೊಮ್ಮೆ ನೋಡಿ ಗುರುತು ಹಾಕಿಕೊಡಬಹುದೇ ಎಂದು ಕೇಳಿದ್ದರು. ಅದು ಆ ಕುರ್ಚಿಯನ್ನು ವಾಪಸ್ ತಂದುಕೊಡುವ ಮಾತಲ್ಲ. ಅಲ್ಲಿ ಈಗ ಬೇರೆ ಯಾರೋ ಕೂತಿದ್ದಾರೆ.

ಅದನ್ನು ಕನ್ನಡದಲ್ಲಿ ಬರೆದು ಅವಳಿಗೆ ಕಳಿಸಿದೆ. ಲ್ಯಾಪ್‌ಟಾಪ್ ನಾನೇ ಸರ್ಜಾಪುರಕ್ಕೆ ತರುತ್ತೇನೆ, ರಜೆಯ ದಿನ ಹೇಳಿ ಎಂದು ಸೇರಿಸಿದೆ. ಸಂಜೆ ಅವಳ ಉತ್ತರ ಬಂತು.

"ಐತ್ವಾರ ತರ್ರಿ. ನೋಡ್ತೇನಿ. ನೀವು ಮಾತ್ರ ಬಾಜೂಕ ಕುಂದ್ರಬ್ಯಾಡ್ರಿ."